ಮಂಗನ ಕಾಯಿಲೆಯ ಮುನ್ನೆಚ್ಚರಿಕೆಯನ್ನು ಕಥೆಯಾಗಿ ಹೇಳುವುದು ಹೇಗೆ?

ಪ್ರಶ್ನೆ: ಆರೋಗ್ಯ ಕಾರ್ಯಕರ್ತೆ, ಸಾಗರ ತಾಲ್ಲೂಕು

ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ನಮ್ಮ ಭಾಗದಲ್ಲಿ ಮಂಗನ ಕಾಯಿಲೆಯ ಭಯವಿರುತ್ತದೆ. ಈ ರೋಗ ಹರಡುವ ಉಣುಗು (ರಕ್ತ ಹೀರುವ ಸಣ್ಣ ಜೀವಿ) ಹತ್ತದಂತೆ ತಡೆಯುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗಿ, ಮರಳಿದ ಮೇಲೆ ಬಟ್ಟೆ ಒಗೆದು ಬಿಸಿನೀರಿನಲ್ಲಿ ಸ್ನಾನ ಮಾಡಿ ಎಂದು ಕರಪತ್ರ ಹಂಚುತ್ತೇವೆ; ಓದಿದವರೂ ಪಾಲಿಸುವುದು ಕಡಿಮೆ. ಹಿಂದೆ ನೀಡುತ್ತಿದ್ದ ಲಸಿಕೆ 2022ರಲ್ಲಿ ನಿಂತ ಮೇಲೆ ಈ ಎಚ್ಚರಿಕೆಗಳೇ ನಮಗೆ ಮುಖ್ಯ ಆಸರೆ. ಸ್ವಸಹಾಯ ಸಂಘದ ಸಭೆಗಳಲ್ಲಿ ಈ ಸಲ ಕಥೆ ಹೇಳಬೇಕೆಂದಿದ್ದೇನೆ. ಅದನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ 1: ನಿವೃತ್ತ ಪಶುವೈದ್ಯ

ಸಾವಿನಿಂದ ಬೇಡ, ಕೆಲಸದಿಂದ ಆರಂಭಿಸಿ. ಕೊಟ್ಟಿಗೆಗೆ ಹಾಸಲು ಸೊಪ್ಪಿನಬೆಟ್ಟದಲ್ಲಿ (ಸೊಪ್ಪು, ತರಗೆಲೆ ತರುವ ಕಾಡಿನಲ್ಲಿ) ದರಕು, ಅಂದರೆ ಒಣ ತರಗೆಲೆ, ಗುಡಿಸುವ ಹೆಂಗಸೊಬ್ಬಳ ಬೆಳಗನ್ನು ಹೇಳಿ. ಅಲ್ಲೇ ಹತ್ತಿರದಲ್ಲಿ ಮಂಗವೊಂದು ಸತ್ತಿದ್ದರೆ, ಅದರ ಮೈಯಿಂದ ಇಳಿದ ಉಣುಗುಗಳು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಂಡಿರುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಇನ್ನೂ ಬೆಳೆಯದ ಸಣ್ಣ ಉಣುಗು. ಅದು ಕಣ್ಣಿಗೆ ಬೀಳುವುದೇ ಕಷ್ಟ. ಕಚ್ಚಿ ಸಾಮಾನ್ಯವಾಗಿ 3ರಿಂದ 8 ದಿನಗಳಾದ ಮೇಲೆ ಜ್ವರ, ತಲೆನೋವು, ಮೈಕೈ ನೋವು ಒಮ್ಮೆಲೇ ಬರುವುದರಿಂದ, ದರಕಿಗೂ ಜ್ವರಕ್ಕೂ ಇರುವ ನಂಟು ಯಾರಿಗೂ ಹೊಳೆಯುವುದಿಲ್ಲ. ಆ ನಡುವಿನ ದಿನಗಳನ್ನು ಒಂದೊಂದಾಗಿ ನಡೆಸಿ ತೋರಿಸಲು ಕರಪತ್ರಕ್ಕೆ ಆಗದು, ಕಥೆಗೆ ಆಗುತ್ತದೆ.

ಉತ್ತರ 2: ಶಾಲಾ ಶಿಕ್ಷಕಿ, ಸೊರಬ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಮಂಗವನ್ನು ಖಳನನ್ನಾಗಿಸಬೇಡಿ. 1957ರಲ್ಲಿ ನಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಗುರುತಾದಾಗಲೂ ಮಂಗಗಳು ಸಾಯುತ್ತಿದ್ದವು. ಅವೂ ರೋಗಕ್ಕೆ ಬಲಿಯಾದವುಗಳೇ. ಕಥೆ ಕೇಳಿದವರು ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕೇ ಹೊರತು, ಬದುಕಿರುವ ಮಂಗಕ್ಕೆ ಕಲ್ಲೆಸೆಯಬಾರದು. ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವಾದ್ದರಿಂದ, ಜ್ವರ ಬಂದವಳ ಮನೆಗೆ ನೆರೆಯವರು ಗಂಜಿ ತಂದುಕೊಡುವ ಸನ್ನಿವೇಶವೂ ಇರಲಿ. ಬಹಿಷ್ಕಾರದ ಹೆದರಿಕೆಯಿದ್ದ ಕಡೆ ಜನ ಜ್ವರವನ್ನೇ ಮುಚ್ಚಿಡುತ್ತಾರೆ.

ಉತ್ತರ 3: ತಾಳಮದ್ದಳೆ ಹವ್ಯಾಸಿ

ಯಕ್ಷಗಾನದ ಆಟವಾಡಿಸಿ ಎಂದು ಯಾರಾದರೂ ಸಲಹೆ ಕೊಟ್ಟಾರು. ವೇಷಭೂಷಣದ ಖರ್ಚು ನೋಡಿದರೆ ಅದು ಸಂಘದ ಸಭೆಗೆ ಹೊಂದುವುದಿಲ್ಲ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ವಾದದ ಕ್ರಮ ಸಾಕು. ಒಬ್ಬರು ಎಣ್ಣೆ ಹಚ್ಚಲು ಒಪ್ಪದವಳ ಪಾತ್ರವಾಗಿ ಮಾತಾಡಲಿ: ಬೆವರಿದರೆ ಅಂಟುತ್ತದೆ, ವಾಸನೆ ಹಿಡಿಸದು, ಇಷ್ಟು ವರ್ಷ ಏನೂ ಆಗಿಲ್ಲ. ಇನ್ನೊಬ್ಬರು ಉತ್ತರಿಸಲಿ. ಎದುರು ಮಾತಿಗೆ ಜಾಗವಿಲ್ಲದ ಕಥೆ ಉಪದೇಶವಾಗಿಬಿಡುತ್ತದೆ, ಉಪದೇಶ ಕೇಳುವಾಗ ಜನ ಎದ್ದು ಹೋಗುತ್ತಾರೆ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು. ಎಣ್ಣೆ ಬೇಡವೆನ್ನುವವಳ ಪಾತ್ರವನ್ನು ಸಂಘದ ಸದಸ್ಯೆಯರಿಂದಲೇ ಮಾಡಿಸುತ್ತೇನೆ. ಆಕ್ಷೇಪಗಳು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ವಾದ ಮುಗಿದೊಡನೆ ತೈಲದ ಬಾಟಲಿಗಳನ್ನು ಅಲ್ಲಿಯೇ ಹಂಚುವ ಏರ್ಪಾಡು ಮಾಡುತ್ತೇನೆ.