ನಾಲ್ಕು ವರ್ಷದ ಮಗನ ಬೆರಳುಗಳಿಗೆ ಹಿಡಿತ ಬರಲು ಮನೆಯಲ್ಲೇ ಏನು ಮಾಡಿಸಬಹುದು?

ಪ್ರಶ್ನೆ:
ಎಲ್‌ಕೆಜಿಗೆ ಹೋಗುತ್ತಿರುವ ನನ್ನ ಮಗ ಪೆನ್ಸಿಲನ್ನು ಇನ್ನೂ ಮುಷ್ಟಿಯಲ್ಲೇ ಹಿಡಿಯುತ್ತಾನೆ. ನಾಲ್ಕು ಗೆರೆ ಎಳೆಯುವಷ್ಟರಲ್ಲಿ ಕೈ ನೋಯುತ್ತದೆ ಎನ್ನುತ್ತಾನೆ. ದಿನಕ್ಕೊಂದು ಪುಟ ಅಕ್ಷರ ತಿದ್ದಿಸಬೇಕೆಂದು ಶಾಲೆಯಲ್ಲಿ ಹೇಳಿರುವುದರಿಂದ ನಮ್ಮ ಸಂಜೆಗಳು ಅವನ ಅಳುವಿನಲ್ಲೇ ಮುಗಿಯುತ್ತಿವೆ. ದುಬಾರಿ ಆಟಿಕೆಗಳನ್ನು ಕೊಳ್ಳದೆ, ಮನೆಯ ಸಾಮಾನುಗಳಿಂದಲೇ ಏನಾದರೂ ಮಾಡಿಸಬಹುದೇ? ಅವನು ಎಡಗೈಯನ್ನೇ ಹೆಚ್ಚು ಬಳಸುತ್ತಾನೆ. ಬಲಗೈ ರೂಢಿ ಮಾಡಿಸಬೇಕೆಂದು ನಮ್ಮ ಅತ್ತೆಯವರು ಹೇಳುತ್ತಾರೆ.

ಉತ್ತರ 1:
ನಾನು ಅಂಗನವಾಡಿಯಲ್ಲಿ ಬಹುಕಾಲ ಕೆಲಸ ಮಾಡಿದವಳು. ಆ ತಿದ್ದುವ ಪುಟವನ್ನು ಕೆಲವು ವಾರ ಬದಿಗಿಡಲು ಮೊದಲು ಶಾಲೆಯವರ ಒಪ್ಪಿಗೆ ಕೇಳಿ. ಮಣಿಕಟ್ಟಿನ 8 ಪುಟ್ಟ ಎಲುಬುಗಳು ಹುಟ್ಟುವಾಗ ಮೃದ್ವಸ್ಥಿಯಾಗಿಯೇ ಇದ್ದು, ಒಂದೊಂದಾಗಿ ಗಟ್ಟಿಯಾಗುತ್ತ ಬರುತ್ತವೆ. ಕೊನೆಯದರ ಸರದಿ ಬರುವುದು ಸುಮಾರು 9ರಿಂದ 12ನೆಯ ವಯಸ್ಸಿನಲ್ಲಿ. ಇಂಥ ಎಳೆಯ ಕೈ ದಣಿದರೆ ಅದನ್ನು ಸೋಮಾರಿತನ ಎನ್ನಬಾರದು.

ಈಗ ಅವರೆಕಾಯಿಯ ಕಾಲ. ಕಾಯಿ ಸುಲಿಯಲು ಅವನನ್ನೂ ಕೂರಿಸಿಕೊಳ್ಳಿ. ನೆನೆಸಿದ ಕಾಳನ್ನು ಹಿತಕುವ ಕೆಲಸವನ್ನಂತೂ ಅವನಿಗೇ ಬಿಡಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದಾಗ ಬೇಳೆ ಪುಳಕ್ಕನೆ ಬಟ್ಟಲಿಗೆ ಹಾರುವುದರಿಂದ ಮಕ್ಕಳು ಬೇಸರವಿಲ್ಲದೆ ಮಾಡುತ್ತಾರೆ, ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳಿಗೇ ಬಲ ಬರುತ್ತದೆ. ತಾನು ಹಿತಕಿದ ಬೇಳೆಯ ಸಾರು ಊಟಕ್ಕೆ ಬಂದಾಗ ಅವನ ಮುಖ ನೋಡಿ! ಕಾಲ ಮುಗಿದ ಮೇಲೆ ಚಪಾತಿ ಹಿಟ್ಟಿನಿಂದ ಸಣ್ಣ ಉಂಡೆ ಚಿವುಟುವುದು, ತನ್ನ ಕರವಸ್ತ್ರವನ್ನು ತಾನೇ ಹಿಂಡಿ ಕ್ಲಿಪ್ಪು ಹಾಕಿ ಒಣಹಾಕುವುದು ಇದ್ದೇ ಇವೆ.

ಬರೆಯಲು ಒಂದಂಗುಲದಷ್ಟು ಮುರಿದ ಬಳಪ ಕೊಡಿ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯಲಾಗದೆ ಬೆರಳ ತುದಿಗಳೇ ಮುಂದೆ ಬರುತ್ತವೆ. ಸ್ಲೇಟನ್ನು ಗೋಡೆಗೆ ಒರಗಿಸಿಟ್ಟರೆ ಮಣಿಕಟ್ಟು ಸರಿಯಾದ ಭಂಗಿಗೆ ಬರುತ್ತದೆ.

ಉತ್ತರ 2:
ನಮ್ಮ ಕರಾವಳಿಯ ಚೆನ್ನೆಮಣೆ ಆಟವನ್ನು ಇದಕ್ಕೆ ಸೇರಿಸಲು ಬಯಸುತ್ತೇನೆ. 14 ಗುಳಿಗಳ ಆ ಮಣೆಯಲ್ಲಿ ಬೀಜಗಳನ್ನು ಅಂಗೈಯಲ್ಲಿಟ್ಟುಕೊಂಡು ಒಂದೊಂದನ್ನೇ ಬೆರಳ ತುದಿಗೆ ತಂದು ಬಿಡಬೇಕಾಗುತ್ತದೆ. ಚಿಕ್ಕ ಕೈಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಕಂಡಿಲ್ಲ. ಮಣೆ ಇಲ್ಲದಿದ್ದರೆ ಇಡ್ಲಿ ತಟ್ಟೆ, ಹುಣಸೆ ಬೀಜ ಸಾಕು. ಗುಲಗಂಜಿಯನ್ನು ಮಾತ್ರ ಬಳಸಬೇಡಿ, ಅಗಿದು ನುಂಗಿದರೆ ಅದು ವಿಷ. ಮೂರು ವರ್ಷದೊಳಗಿನ ಮಕ್ಕಳು ಮನೆಯಲ್ಲಿದ್ದರೆ ಯಾವ ಬೀಜವೂ ಅವರ ಕೈಗೆ ಸಿಗದಂತೆ ಎಣಿಸಿ ಎತ್ತಿಡಬೇಕು.

ಉತ್ತರ 3:
ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಉಣ್ಣುವುದು, ಬರೆಯುವುದು ಮುಂತಾದ ದಿನನಿತ್ಯದ ಕೆಲಸಗಳು ಕಷ್ಟವಾಗುವವರಿಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಎಡಗೈಯನ್ನು ದಯವಿಟ್ಟು ಬದಲಿಸಲು ಹೋಗಬೇಡಿ. ಮಗುವಿನ ಕೈಯ ಒಲವು ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷದೊಳಗೆ ತಾನಾಗಿಯೇ ನೆಲೆಗೊಳ್ಳುತ್ತದೆ, ಎಡಗೈಯವರಿಗೆ ಬೇರೆ ಕತ್ತರಿ ಬೇಕೆಂಬುದನ್ನು ಬಿಟ್ಟರೆ ಅದರಲ್ಲಿ ಕೊರತೆಯೇನೂ ಇಲ್ಲ. ಒಂದೂವರೆ ವರ್ಷಕ್ಕೆ ಮೊದಲೇ ಮಗು ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಬಿಟ್ಟಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ನಿಮ್ಮ ಮಗನಿಗೆ ಚಮಚ ಹಿಡಿಯುವುದು, ದೊಡ್ಡ ಗುಂಡಿ ಹಾಕುವುದು ಸಹ ಕಷ್ಟವಾಗುತ್ತಿದೆಯೇ? ಹಾಗಿದ್ದರೆ ಕಾಯದೆ ಒಮ್ಮೆ ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಚಮಚ ಹಿಡಿದು ತಾನೇ ಉಣ್ಣುತ್ತಾನೆ, ಅಂಗಿಯ ಗುಂಡಿಗೆ ಮಾತ್ರ ನನ್ನನ್ನು ಕರೆಯುತ್ತಾನೆ. ನಾಳೆಯಿಂದ ಅದನ್ನು ಅವನಿಗೇ ಬಿಟ್ಟು, ಬೆಳಿಗ್ಗೆ ಹತ್ತು ನಿಮಿಷ ಬೇಗ ಎಬ್ಬಿಸುತ್ತೇನೆ. ಇಂದು ರಾತ್ರಿ ಅವರೆಕಾಳು ನೆನೆಹಾಕಿದ್ದೇನೆ.