ಸಮಸ್ಯಾಪೂರಣ: ಬಿಸಿಲೇರಲು ಮಂಜು ಕರಗದುಳಿದುದು ನೋಡಾ

ಪೃಚ್ಛಕ

ಕವಿಮಿತ್ರರೇ, ಪೃಚ್ಛಕನಾದ ನಾನು ತೊಡಕಿನ ಸಾಲೊಂದನ್ನು ಸಮಸ್ಯೆಯಾಗಿ ಕೊಡುತ್ತೇನೆ, ಉಳಿದ ಮೂರು ಸಾಲು ಬರೆದು ತೊಡಕು ಬಿಡಿಸುವುದು ನಿಮ್ಮ ಪೂರಣ. ಈ ಸಲದ ಸಮಸ್ಯೆ ಕಂದಪದ್ಯದ ನಾಲ್ಕನೆಯ ಸಾಲು:

ಬಿಸಿಲೇರಲು ಮಂಜು ಕರಗದುಳಿದುದು ನೋಡಾ

ಗಣ ಬಿಡಿಸಿದರೆ: ಬಿಸಿಲೇ | ರಲು ಮಂ | ಜು ಕರಗ | ದುಳಿದುದು | ನೋಡಾ. ಐದು ಗಣ, 20 ಮಾತ್ರೆ (ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು).

ಹೊಸಬರಿಗಾಗಿ ಲಕ್ಷಣ ಒಮ್ಮೆ ಹೇಳಿಬಿಡುತ್ತೇನೆ. ಗಣಗಳೆಲ್ಲ 4 ಮಾತ್ರೆಯವು. 1 ಮತ್ತು 3ನೆಯ ಸಾಲಿಗೆ ಮೂರು ಗಣ, 2 ಮತ್ತು 4ನೆಯ ಸಾಲಿಗೆ ಐದು. ಒಟ್ಟು 64 ಮಾತ್ರೆ. ಪ್ರತಿ ಅರ್ಧದ, ಅಂದರೆ ಎರಡೆರಡು ಸಾಲಿನ, ಎಂಟು ಗಣಗಳಲ್ಲಿ ಬೆಸ ಸ್ಥಾನಕ್ಕೆ ಜಗಣ (ಲಘು-ಗುರು-ಲಘು) ಬರಕೂಡದು. ಆರನೆಯದು ಜಗಣವೇ ಆಗಿರಬೇಕು, ಇಲ್ಲವೇ ನಾಲ್ಕೂ ಲಘು. ಅರ್ಧದ ಕೊನೆ ಗುರು. ಸಮಸ್ಯೆಯ ಆರನೆಯ ಗಣ ‘ಜು ಕರಗ’: ನಾಲ್ಕೂ ಲಘು, ಮೊದಲ ಅಕ್ಷರಕ್ಕೇ ಪದ ಮುಗಿಯುತ್ತದೆ. ಎರಡನೆಯ ಸಾಲಿನಲ್ಲೂ ಹಾಗೆ ಮುರಿದರೆ ಓದುವಾಗ ನಡಿಗೆ ಚೆನ್ನಾಗಿ ಬರುತ್ತದೆ.

ಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರ) ಸಕಾರ, ಹಿಂದಿನ ಅಕ್ಷರ ಲಘು. ಹಸಿ, ಹೊಸ, ನಸು, ತುಸು, ಮಸಿ, ದೆಸೆ, ಮುಸುಕು, ಮಿಸುಕು, ಹುಸಿ – ಸರಕಿಗೆ ಬರವಿಲ್ಲ. ‘ಆಸೆ’, ‘ಬೀಸು’ ತಂದರೆ ಪ್ರಾಸ ಕೆಟ್ಟಂತೆ.

ಬಿಸಿಲೇರಿದರೆ ಮಂಜು ಕರಗಬೇಕು. ಕರಗಲಿಲ್ಲ ಎಂಬುದೇ ತೊಡಕು. ಕೀಲಿ ಇರುವುದು ‘ಮಂಜು’ ಎಂಬ ಪದದಲ್ಲೇ ಎಂದಷ್ಟೇ ಸೂಚನೆ.

ಪೂರಣ 1

ಮುಸುಕಿದ ಪೊರೆಯಿಂ ಕಣ್ಣೊಳ್
ಹೊಸ ಬೆಳಕುಂ ಮಸುಳೆ ಮುದುಕನಾರನುಮರಿಯಂ
ದೆಸೆಯೆಲ್ಲ ತಿಳಿಯಲವಗೇಂ
ಬಿಸಿಲೇರಲು ಮಂಜು ಕರಗದುಳಿದುದು ನೋಡಾ

ಮಂಜು ಅಂದರೆ ಕಣ್ಣಿನ ಮಬ್ಬು. ‘ಕಣ್ಣು ಮಂಜಾಗಿದೆ’, ‘ಮಂಜುಮಂಜಾಗಿ ಕಾಣುತ್ತೆ’ ಎಂದು ದಿನವೂ ಆಡುವ ಅರ್ಥವೇ, ನಿಘಂಟು ತೆರೆಯಬೇಕಾಗಿಲ್ಲ.

ಪೃಚ್ಛಕ

ತುಂಬ ಚೆನ್ನಾಗಿದೆ. ಪೊರೆ ಕಾರಣ, ಮಂಜು ಅದರ ಫಲ. ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದೀರಿ. ಅನೇಕರು ಎರಡನ್ನೂ ಒಂದೇ ಎಂದುಕೊಂಡು ‘ಮಂಜಿನ ಪೊರೆ ಮಂಜು’ ಎಂದು ಹೇಳಿದ್ದನ್ನೇ ಹೇಳುತ್ತಾರೆ. ‘ತಿಳಿಯಲ್’ ಕೂಡ ಎರಡು ಕಡೆ ಕೆಲಸ ಮಾಡಿದೆ: ದಿಕ್ಕು ತಿಳಿಯಾಯಿತು, ಆದರೆ ಅವನಿಗೆ ತಿಳಿಯಲಿಲ್ಲ.

ಓದುಗ

ಇನ್ನೊಂದು ಸೊಗಸಿದೆ. ಪೊರೆ ಮಸೂರದ ನಡುವೆ ಬಂದಿದ್ದರೆ ಬಿಸಿಲಿನಲ್ಲಿ ನೋಟ ಇನ್ನೂ ಕೆಡುತ್ತದೆ. ಬೆಳಕು ಹೆಚ್ಚಿದಂತೆ ಕಣ್ಣಪಾಪೆ ಕಿರಿದಾಗಿ, ಪೊರೆ ಕಟ್ಟಿದ ನಡುಭಾಗದಿಂದಲೇ ನೋಡಬೇಕಾಗುತ್ತದೆ. ಜೊತೆಗೆ ಬೆಳಕು ಚದುರಿ ಕಣ್ಣು ಕುಕ್ಕುತ್ತದೆ. ಹಾಗಾಗಿ ‘ಬಿಸಿಲೇರಲು’ ಎಂಬ ಮಾತು ಇಲ್ಲಿ ಬರೀ ಹೊತ್ತನ್ನು ಹೇಳುತ್ತಿಲ್ಲ, ಕಾರಣವನ್ನೂ ಹೇಳುತ್ತಿದೆ.

ಪೂರಣ 2

ಹೊಸ ಲಂಗಕೆ ಹಟ ಹಿಡಿದಳ್
ತುಸು ಮಾತಿಲ್ಲದೆ ಕೋಣೆಯ ಮೂಲೆಯೊಳಿದ್ದಳ್
ಹಸಿವಾದರು ಮುನಿಸಿಳಿಯದು
ಬಿಸಿಲೇರಲು ಮಂಜು ಕರಗದುಳಿದುದು ನೋಡಾ

ಮಂಜು ಹುಡುಗಿಯ ಹೆಸರು.

ಪೃಚ್ಛಕ

ಚಿತ್ರ ಮುದ್ದಾಗಿದೆ, ಆದರೆ ಎರಡು ಕಡೆ ಎಡವಿದೆ.

ಎರಡನೆಯ ಸಾಲು: ತುಸು ಮಾ | ತಿಲ್ಲದೆ | ಕೋಣೆಯ | ಮೂಲೆಯೊ | ಳಿದ್ದಳ್. ಎಣಿಸಿದರೆ 20 ಮಾತ್ರೆ ಸರಿಯಾಗಿಯೇ ಬರುತ್ತದೆ, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ‘ಕೋಣೆಯ’ ಆರನೆಯ ಗಣ, ಗುರು-ಲಘು-ಲಘು. ಅಲ್ಲಿ ಕಂದದ ಕುಲುಕು ಬರದೆ ಸಾಲು ಸಪ್ಪಗಾಗುತ್ತದೆ. ‘ತುಸು ಮಾತಾಡದೆಯೆ ಕುಳಿತು ಕೋಣೆಯೊಳಿದ್ದಳ್’ ಎಂದು ತಿದ್ದಿ ನೋಡಿ: ಆರನೆಯದು ‘ಯೆ ಕುಳಿತು’. ಗಟ್ಟಿಯಾಗಿ ಓದಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಎರಡನೆಯ ದೋಷ ತಿದ್ದಲಾಗದ್ದು. ಸಮಸ್ಯೆಯಲ್ಲಿರುವುದು ‘ಉಳಿದುದು’, ನಪುಂಸಕ ಲಿಂಗ. ಹಟ ‘ಹಿಡಿದಳ್’, ಮೂಲೆಯೊಳ್ ‘ಇದ್ದಳ್’ ಎಂದಾದ ಮೇಲೆ ಮಂಜು ‘ಉಳಿದಳ್’ ಆಗಬೇಕಿತ್ತು. ಹೆಸರಿನ ದಾರಿ ಮುಚ್ಚಲೆಂದೇ ಆ ಕ್ರಿಯಾಪದ ಇಟ್ಟದ್ದು. ಹೆಸರಾಗಿಸಿಬಿಟ್ಟರೆ ಯಾವ ಸಮಸ್ಯೆಯೂ ಸಮಸ್ಯೆಯಾಗಿ ಉಳಿಯುವುದಿಲ್ಲ.

ಪೂರಣ 2ರವರು

ಒಪ್ಪಿದೆ ಸರ್. ‘ಮಗು’ ಎಂದು ಮಾಡಿಕೊಂಡರೆ?

ಪೃಚ್ಛಕ

ಮಗು ನಪುಂಸಕವಾದ್ದರಿಂದ ವ್ಯಾಕರಣ ಕೂಡಿಬರುತ್ತದೆ, ‘ಹಿಡಿದುದು’, ‘ಇದ್ದುದು’ ಎಂದು ಮೊದಲ ಸಾಲುಗಳನ್ನು ಬದಲಿಸಬೇಕಾಗುತ್ತದೆ. ಆದರೂ ಆ ಕೀಲಿ ನನಗೆ ರುಚಿಸುವುದಿಲ್ಲ.

ಪೂರಣ 3

ಹಸಿರಿಲ್ಲದ ಗಿರಿಶಿಖರದಿ
ನಸು ಕಾವುಂ ನಿಲದು ಕದಿರು ಬೆಳ್ಪಿಂ ಪುಟಿಯಲ್
ಮಿಸುಕದೆ ಬೆಳ್ಳನೆ ಮಲಗುತೆ
ಬಿಸಿಲೇರಲು ಮಂಜು ಕರಗದುಳಿದುದು ನೋಡಾ

ಓದುಗ

ಇದು ಹಿಮವಲ್ಲವೇ? ಮಂಜು ಎನ್ನಬಹುದೇ?

ಪೃಚ್ಛಕ

ಎನ್ನಬಹುದು. ಈಗಿನ ಗದ್ಯದಲ್ಲಿ ಗಾಳಿಯಲ್ಲಿ ತೇಲುವುದಕ್ಕೆ ಮಂಜು, ಬಿದ್ದು ರಾಶಿಯಾಗುವುದಕ್ಕೆ ಹಿಮ ಎಂದು ಪಾಲು ಮಾಡಿಕೊಂಡಿದ್ದೇವೆ ಅಷ್ಟೆ. ಕನ್ನಡದ ಮಂಜು ಎರಡನ್ನೂ ಒಳಗೊಳ್ಳುತ್ತದೆ. ‘ಮಂಜುಗಡ್ಡೆ’ಯಲ್ಲಿ ಗಟ್ಟಿಯಾದದ್ದೂ ಅದೇ. ‘ಮಂಜಿನ ಹನಿ’ ಎಂದಾಗ ಇಬ್ಬನಿಯೂ ಹೌದು. ಆದರೆ ಇಬ್ಬನಿ ಎಂಬ ಪದಕ್ಕೆ ಈ ಹರಹು ಇಲ್ಲ, ಅದು ಎಲೆಯ ಮೇಲೆ, ಹುಲ್ಲಿನ ಮೇಲೆ ಕೂತ ಹನಿ ಮಾತ್ರ, ಗಾಳಿಯಲ್ಲಿ ಕವಿಯುವುದಿಲ್ಲ. ‘ಇಬ್ಬನಿ ಕವಿದ ದಾರಿ’ ಎಂದು ಯಾರಾದರೂ ಬರೆದರೆ ದಯವಿಟ್ಟು ತಿದ್ದಿ. ಕಾವಳವೂ ಒಳ್ಳೆಯ ಪದ, ಮಂಜಿಗೂ ಆಗುತ್ತದೆ, ಕತ್ತಲೆಗೂ ಆಗುತ್ತದೆ.

ಪದ್ಯದ ‘ಕದಿರು ಬೆಳ್ಪಿಂ ಪುಟಿಯಲ್’ (ಬಿಳುಪಿನಿಂದಾಗಿ ಕಿರಣ ಪುಟಿಯುತ್ತಿರಲು) ನಿಜವಾದ ಕಾರಣವನ್ನೇ ಹಿಡಿದಿದೆ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ 100ರಲ್ಲಿ 80ಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ‘ಚಳಿಯಿಂದ ಕರಗಲಿಲ್ಲ’ ಎಂದಿದ್ದರೆ ಯಾರೂ ಬರೆಯಬಹುದಾದ ಪದ್ಯವಾಗುತ್ತಿತ್ತು.

ಪೂರಣ 4

ಮಸಿಯಿಂ ಪಟದೊಳ್ ತಿದ್ದಿದ
ನಸುಬೆಳ್ಪಿನ ಕಣಿವೆ ಚಳಿಯ ಮುಂಜಾವದರೊಳ್
ಎಸೆದಿರೆ ಭಿತ್ತಿಯ ಮೇಗಡೆ
ಬಿಸಿಲೇರಲು ಮಂಜು ಕರಗದುಳಿದುದು ನೋಡಾ

ಪೃಚ್ಛಕ

ಚಿತ್ರದ ಮಂಜು! ಕಲ್ಪನೆ ಸೊಗಸು. ಸೋತದ್ದು ಮೂರನೆಯ ಸಾಲು. ಬಿಸಿಲು ಏರಿದ್ದು ಚಿತ್ರದೊಳಗೋ ಹೊರಗೋ ತಿಳಿಯುವುದಿಲ್ಲ. ‘ಭಿತ್ತಿಯ ಮೇಗಡೆ’ ಬರೀ ಜಾಗ ತುಂಬಿದೆ. ಪೂರಣದಲ್ಲಿ ಮೂರನೆಯ ಸಾಲೇ ಸೇತುವೆ. ನಾನಾದರೆ ಮೊದಲು ಅದನ್ನು ಬರೆದು, ಆಮೇಲೆ ಹಿಂದಿನ ಎರಡಕ್ಕೆ ಹೋಗುತ್ತೇನೆ. ಹೀಗೆ ಮಾಡಿದರೆ:

ಹುಸಿಯಿದು ಹೊರಗಣ ಬಾನೊಳ್
ಬಿಸಿಲೇರಲು ಮಂಜು ಕರಗದುಳಿದುದು ನೋಡಾ

‘ಬಾನೊಳ್’ ನೇರವಾಗಿ ‘ಬಿಸಿಲೇರಲು’ವಿಗೆ ಕೊಂಡಿ ಹಾಕುತ್ತದೆ. ‘ಹುಸಿ’ ಬಂದೊಡನೆ ಗಂಟು ಬಿಚ್ಚಿತು.

ಪೂರಣ 4ರವರು

ಇದೇ ಇರಲಿ. ಪ್ರಾಸಕ್ಕಾಗಿ ‘ಎಸೆದಿರೆ’ಯನ್ನು (ಶೋಭಿಸಿರಲು) ಎಳೆದುತಂದದ್ದೇ ತಪ್ಪಾಯಿತು.

ಓದುಗ

ಸಭಂಗಕ್ಕೆ, ಅಂದರೆ ಪದವನ್ನು ಬೇರೆ ಕಡೆ ಒಡೆದು ಬೇರೆ ಅರ್ಥ ತೆಗೆಯುವುದಕ್ಕೆ, ಅವಕಾಶವಿದೆಯೇ? ‘ಮಂಜು ಕರ ಗದೆ ಉಳಿದುದು’: ಸಂಸ್ಕೃತದ ಮಂಜು ಅಂದರೆ ಚೆಲುವಾದ, ಕರ ಅಂದರೆ ಕೈ. ರಣದಲ್ಲಿ ಕೊನೆಗೆ ಚೆಲುವಾದ ಕೈಯ ಗದೆಯೊಂದೇ ಉಳಿಯಿತು!

ಪೃಚ್ಛಕ

ಒಡೆದ ಚುರುಕುತನಕ್ಕೆ ಮೆಚ್ಚುಗೆ. ಆದರೆ ಗದೆ + ಉಳಿದುದು ‘ಗದೆಯುಳಿದುದು’ ಆಗುತ್ತದೆ, ಯಕಾರ ಬಂದೇ ಬರುತ್ತದೆ. ‘ಕರಗದೆ + ಉಳಿದುದು’ ಎಂಬಲ್ಲಿ ಲೋಪ ಒಗ್ಗುತ್ತದೆ, ನಾಮಪದಕ್ಕೆ ಅದು ಒಗ್ಗುವುದಿಲ್ಲ. ‘ಗದ’ ಎಂದರೆ ರೋಗ ಎಂದು ಇನ್ನೊಂದು ದಾರಿ ಹುಡುಕಬಹುದು, ಅಲ್ಲೂ ‘ಗದಮುಳಿದುದು’ ಎಂದೇ ಆಗಬೇಕು. ಸಂಸ್ಕೃತದ ‘ಮಂಜು’ ವಿಶೇಷಣ, ಮಂಜುಳ, ಮಂಜುಭಾಷೆ, ಮಂಜುಘೋಷಗಳಲ್ಲಿರುವುದು ಅದು. ಕನ್ನಡದ ಮಂಜಿಗೂ ಅದಕ್ಕೂ ಅಕ್ಷರಸಾಮ್ಯ ಬಿಟ್ಟರೆ ನಂಟಿಲ್ಲ. ಶ್ಲೇಷಕ್ಕೆ ಬಂಗಾರದಂಥ ಜೋಡಿ, ಸಂಧಿ ಒಪ್ಪುವ ಬೇರೆ ಸಾಲಿನಲ್ಲಿ ಬಳಸೋಣ.

ಪೂರಣ 5

ಬಿಸುಗಾಳಿಯು ತಣ್ಗಡಲಂ
ಪೊಸೆದುದು ಹೊಗೆಯಂತೆ ಹರಡಿ ನಾವೆಯ ಮುಚ್ಚಲ್
ದೆಸೆದಪ್ಪಿರೆ ದೋಣಿಗಳುಂ
ಬಿಸಿಲೇರಲು ಮಂಜು ಕರಗದುಳಿದುದು ನೋಡಾ

ಇಲ್ಲಿ ಮಂಜಿನ ಅರ್ಥ ಬದಲಾಯಿಸಿಲ್ಲ. ಇದು ಕಡಲ ಮಂಜು.

ಓದುಗ

ಕಡಲ ಮಂಜಾದರೆ ಬಿಸಿಲಿಗೆ ಕರಗದೇ ಇರುವುದು ಹೇಗೆ? ವಿವರಿಸಬೇಕು.

ಪೂರಣ 5ರವರು

ನೆಲದ ಮೇಲಿನ ಮುಂಜಾವದ ಮಂಜು ಹುಟ್ಟುವುದು ರಾತ್ರಿ ನೆಲ ಶಾಖ ಕಳೆದುಕೊಂಡು ತಣ್ಣಗಾದಾಗ. ಅದನ್ನು ಓಡಿಸುವುದೂ ನೆಲವೇ. ಬಿಸಿಲು ಹನಿಗಳನ್ನು ನೇರವಾಗಿ ಒಣಗಿಸುವುದು ಕಡಿಮೆ. ಮಂಜನ್ನು ಹಾದುಬಂದ ಬಿಸಿಲಿಗೆ ನೆಲ ಕಾಯುತ್ತದೆ, ನೆಲದಿಂದ ಗಾಳಿ ಬೆಚ್ಚಗಾಗುತ್ತದೆ, ಹನಿ ಆವಿಯಾಗುತ್ತದೆ. ಅದಕ್ಕೇ ಮಂಜು ಕೆಳಗಿನಿಂದಲೂ ಅಂಚಿನಿಂದಲೂ ತೆಳುವಾಗುತ್ತ ಹೋಗುವುದು. ಕಡಲ ಮಂಜಿನ ಹುಟ್ಟೇ ಬೇರೆ: ತೇವ ತುಂಬಿದ ಬೆಚ್ಚನೆಯ ಗಾಳಿ ತಣ್ಣನೆಯ ನೀರಿನ ಮೇಲೆ ಹಾದಾಗ ಕಟ್ಟುವಂಥದು. ಕಡಲ ನೀರು ಒಂದು ಹಗಲಿನ ಬಿಸಿಲಿಗೆ ನೆಲದ ಹಾಗೆ ಕಾಯುವುದಿಲ್ಲ. ಗಾಳಿ ದಿಕ್ಕು ಬದಲಿಸುವವರೆಗೆ ನಡುಹಗಲಲ್ಲೂ ಮಂಜು ನಿಲ್ಲಬಹುದು. ‘ದೆಸೆದಪ್ಪಿರೆ’ ಎಂದದ್ದೂ ಲೆಕ್ಕವಿಟ್ಟೇ: ಹವಾಮಾನದವರ ಪ್ರಕಾರ 1 ಕಿ.ಮೀ.ಗಿಂತ ಹತ್ತಿರಕ್ಕೆ ನೋಟ ಕುಗ್ಗಿದರೆ ಮಾತ್ರ ಮಂಜು, ಅದಕ್ಕಿಂತ ದೂರ ಕಂಡರೆ ತೆಳುಮಬ್ಬು. ತೆಳುಮಬ್ಬಿನಲ್ಲಿ ದೋಣಿ ದಾರಿ ತಪ್ಪಿತೆಂದರೆ ಅಷ್ಟು ಒಪ್ಪುವುದಿಲ್ಲ.

ಪೂರಣ 1ರವರು

ತಕರಾರಲ್ಲ, ಒಂದು ಪ್ರಶ್ನೆ. ಸಮಸ್ಯೆಯ ಸುಖ ಪದ ತಿರುಗುವುದರಲ್ಲಿದೆ ಅಲ್ಲವೇ? ಇಲ್ಲಿ ಪದ ತಿರುಗಲಿಲ್ಲ.

ಪೃಚ್ಛಕ

ಕೀಲಿ ಪದದಲ್ಲಿದೆ ಎಂದು ಸೂಚನೆ ಕೊಟ್ಟವನು ನಾನೇ. ಈ ಪೂರಣ ಅದನ್ನು ಕೈಬಿಟ್ಟು, ಪದವನ್ನು ಮುಟ್ಟದೆ ಲೋಕವನ್ನೇ ತಿರುಗಿಸಿ ಗೆದ್ದಿದೆ. ನನ್ನ ಎಣಿಕೆಯಲ್ಲಿ ಐದನೆಯದು ಮೊದಲು, ಕಣ್ಣಿನದು ಅದರ ಬೆನ್ನಿಗೇ. ಎರಡನೆಯ ಸಾಲಿನಲ್ಲಿ ‘ಪೊಸೆದುದು’ ಎಂದು ವಾಕ್ಯ ಮುಗಿದ ಮೇಲೆ ‘ಹರಡಿ’ ಬರುವುದರಿಂದ, ಹರಡಿದ್ದು ಗಾಳಿಯೋ ಮಂಜೋ ಎಂದು ಓದುಗ ಒಂದು ಕ್ಷಣ ತಡೆಯುತ್ತಾನೆ. ಅಷ್ಟೇ ಕೊರತೆ.

ಮುಂದಿನದು ಮಂಜುಭಾಷಿಣಿ ವೃತ್ತದಲ್ಲಿ, ಸ-ಜ-ಸ-ಜ ಗಣ (ಸಗಣ ಅಂದರೆ ಲಘು-ಲಘು-ಗುರು), ಮೇಲೊಂದು ಗುರು, ಸಾಲಿಗೆ 13 ಅಕ್ಷರ:

ಹಿಮದಲ್ಲಿ ಬೆಂದ ಕಮಲಕ್ಕದೇಕೆ ನೀರ್

ಪ್ರಾಸ ಮಕಾರ, ಹಿಂದಿನ ಅಕ್ಷರ ಲಘು. ಹಿಮ ಹೂವನ್ನು ಸುಡುತ್ತದೆ ಎಂಬ ಕವಿಸಮಯದಲ್ಲೇ (ಕವಿಗಳ ರೂಢಿಯ ಕಲ್ಪನೆಯಲ್ಲೇ) ನಿಲ್ಲಬೇಡಿ, ‘ಕಮಲ’ವನ್ನು ಸ್ವಲ್ಪ ಅಲುಗಿಸಿ ನೋಡಿ.