ಅಪ್‌ಡೇಟ್: ಬಯಲಲ್ಲಿ ಮೇಯ್ದ ಕುರಿಯ ನಳ್ಳಿ (ಮೂಳೆಸಹಿತ ಕಾಲಿನ ಮಾಂಸ) ಕೊನೆಗೂ ಮೆತ್ತಗೆ ಬೆಂದಿತು

ಕೊಪ್ಪಳದಲ್ಲಿ ಕೊಂಡ ಕೆಂಗುರಿ ತಳಿಯ ಕುರಿಯ ನಳ್ಳಿ ಕುಕ್ಕರಿನಲ್ಲಿ ಎಷ್ಟು ಸೀಟಿ ಕೂಗಿಸಿದರೂ ನಾರುನಾರಾಗಿಯೇ ಉಳಿಯುತ್ತದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಪಪ್ಪಾಯಿ ಕಾಯಿ ಅರೆದು ಹಚ್ಚುವ ಸಲಹೆ ನನಗೆ ಫಲಿಸಲಿಲ್ಲ. ಮೇಲ್ಪದರ ಹಿಟ್ಟಿನಂತಾಯಿತೇ ಹೊರತು ಮೂಳೆಯ ಬಳಿಯ ಬಿಗಿ ಸಡಿಲಲಿಲ್ಲ. ದಪ್ಪ ತಳದ ಪಾತ್ರೆಗೆ ಮುಚ್ಚಳ ಬಿಗಿದು, ಕುದಿ ಏಳದಷ್ಟು ಸಣ್ಣ ಉರಿಯಲ್ಲಿ ಸುಮಾರು 3 ಗಂಟೆ ಬೇಯಿಸಿ ಎಂದವರ ಮಾತೇ ಕೈಹಿಡಿಯಿತು. ದಿನವಿಡೀ ನಡೆದು ಮೇಯುವ ಕುರಿಯ ಕಾಲಿನಲ್ಲಿ ಹೇರಳವಾಗಿರುವ ಕೊಲಾಜೆನ್ ಎಂಬ ಬಿಗಿ ನಾರಿನಂಥ ಪ್ರೋಟೀನು, ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನವಾಗಿ, ತಣಿದರೆ ಹೆಪ್ಪುಗಟ್ಟುವ ಮೆತ್ತನೆಯ ಜೆಲಟಿನ್ ಆಗುತ್ತದೆಯಂತೆ. ಅದಕ್ಕೆ ಅವಸರ ಆಗದು. ಅಚ್ಚರಿಯೆಂದರೆ, ಉಳಿದ ಸಾರು ಫ್ರಿಜ್ಜಿನಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿತು, ಮರುದಿನ ಬಿಸಿ ಮಾಡಿ ಜೋಳದ ರೊಟ್ಟಿಯೊಂದಿಗೆ ಉಂಡಾಗ ಮೊದಲ ದಿನಕ್ಕಿಂತ ರುಚಿಯಾಗಿತ್ತು.